ಮಂಡಿ ಸವೆದಿದೆ ಅಂತ ನಡೆಯುವುದನ್ನು ಬಿಡಬೇಕಾ? ನನ್ನ 9 ವರ್ಷದ ಅನುಭವ

ನಿಮ್ಮ ಪ್ರಶ್ನೆ ಓದಿದೆ. ಅಮ್ಮನಿಗೆ 58 ವರ್ಷ, ಎರಡೂ ಮಂಡಿ ನೋವು, ಎಕ್ಸ್‌ರೇಯಲ್ಲಿ 3ನೇ ಗ್ರೇಡ್ ಸವೆತ. ನಡೆದರೆ ಇನ್ನೂ ಸವೆಯುತ್ತದೆ ಅಂತ ಮನೆಯವರೆಲ್ಲ ಹೇಳಿದ್ದಕ್ಕೆ 6 ತಿಂಗಳಿಂದ ಕೂತೇ ಇದ್ದಾರೆ. ಆದರೂ ನೋವು ಜಾಸ್ತಿಯೇ ಆಗುತ್ತಿದೆ. ಜೀವನವಿಡೀ ಮಾತ್ರೆ ನುಂಗಬೇಕಾ, ಇಲ್ಲಾ ಆಪರೇಷನ್ ಒಂದೇ ದಾರಿಯಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ತಿಪಟೂರಿನಲ್ಲಿ 27 ವರ್ಷ ಬಟ್ಟೆ ಹೊಲಿದವಳು. ಈಗ 61 ವರ್ಷ. ನನ್ನ ಬಲ ಮಂಡಿ 52ನೇ ವಯಸ್ಸಿನಲ್ಲಿ ಶುರುವಾಯಿತು, ಎಡದ್ದು ಎರಡು ವರ್ಷ ಬಿಟ್ಟು. ನಿಮ್ಮ ಅಮ್ಮ ಕೂತುಬಿಟ್ಟಿದ್ದಾರೆ ಅಂತ ಓದಿದ ತಕ್ಷಣ ಉತ್ತರ ಬರೆಯಲೇಬೇಕು ಅನ್ನಿಸಿತು. ನಾನೂ ಹಾಗೇ ಕೂತಿದ್ದೆ.

ಬೆಳಿಗ್ಗೆ ಏಳುವಾಗ ಕಾಲು ಹಿಡಿದುಕೊಂಡಂತೆ ಇರುತ್ತಿತ್ತು. ಹತ್ತು ನಿಮಿಷ ಓಡಾಡಿದರೆ ಸಡಿಲವಾಗುತ್ತಿತ್ತು. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿದರೆ ಏಳಲು ಗೋಡೆ ಹಿಡಿಯಬೇಕಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, 'ಗ್ಯಾಪ್ ಹೋಗಿದೆ ನೋಡಿ, ಸವೆದಿದೆ' ಅಂದರು. ಅಷ್ಟೇ ಹೇಳಿದ್ದು. ಮಿಷಿನ್ನಿನ ಬೆಲ್ಟು ಸವೆಯುವುದನ್ನು ದಿನಾ ನೋಡಿದವಳು ನಾನು. ತುಳಿದಷ್ಟೂ ಸವೆಯುತ್ತದೆ, ಒಂದು ದಿನ ಕಿತ್ತು ಹೋಗುತ್ತದೆ. ಮಂಡಿಯೂ ಹಾಗೇ ಅಂದುಕೊಂಡೆ. ಉಳಿದಷ್ಟನ್ನಾದರೂ ಉಳಿಸಿಕೊಳ್ಳೋಣ ಅಂತ ಮಿಷಿನ್ ಬಿಟ್ಟೆ, ಸಂತೆಗೆ ಹೋಗುವುದನ್ನು ಬಿಟ್ಟೆ, ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟೆ. 8 ತಿಂಗಳಲ್ಲಿ ತೊಡೆ ಸೊರಗಿತು. ತೂಕ 74 ಕಿಲೋ ಮುಟ್ಟಿತು. ಹಗಲಿನ ನೋವು ರಾತ್ರಿಗೂ ಬಂತು.

ಕೊನೆಗೆ ದಾರಿ ತೋರಿಸಿದ್ದು ಸರ್ಕಾರಿ ಆಸ್ಪತ್ರೆಯ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಅವಳು ಹೇಳಿದ್ದನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ. ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಪದರಕ್ಕೆ ಕಾರ್ಟಿಲೇಜ್ ಅನ್ನುತ್ತಾರೆ. ಅದಕ್ಕೆ ರಕ್ತನಾಳ ಇಲ್ಲ. ಕಾಲಿನ ಮೇಲೆ ಭಾರ ಬಿದ್ದಾಗ ಸ್ಪಂಜಿನಂತೆ ಒತ್ತಿಕೊಳ್ಳುತ್ತದೆ, ಭಾರ ತೆಗೆದಾಗ ಸುತ್ತಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಅದರ ಊಟ ಸಿಗುವುದು ಹೀಗೆ. ಅಂದರೆ ಮಂಡಿ ಆಡದಿದ್ದರೆ ಅದಕ್ಕೆ ಉಪವಾಸ. ಕಾರ್ಟಿಲೇಜಿಗೆ ನರವೂ ಇಲ್ಲ. ನೋವು ಬರುವುದು ಸುತ್ತಲಿನ ಪೊರೆ, ಮೂಳೆ, ಸ್ನಾಯು, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳಿಂದ. ಎಕ್ಸ್‌ರೇಯಲ್ಲಿ ತುಂಬಾ ಸವೆದವರು ಆರಾಮಾಗಿ ಓಡಾಡುವುದು, ಕಡಿಮೆ ಸವೆದವರು ಒದ್ದಾಡುವುದು ಎರಡೂ ಇದೆ. ಗ್ರೇಡ್ 3 ಅನ್ನೋದು ಫೋಟೋ ನೋಡಿ ಕೊಟ್ಟ ನಂಬರ್. ಅಮ್ಮನಿಗೆ ಎಷ್ಟು ನೋಯಬೇಕು ಅಂತ ಅದು ಹೇಳುವುದಿಲ್ಲ.

ಸವೆತ ಅನ್ನೋ ಪದ ನಮ್ಮ ಹೆಂಗಸರಿಗೆ ಮಾಡಿರುವಷ್ಟು ಕೆಡುಕನ್ನು ರೋಗವೇ ಮಾಡಿಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಆ ಪದ ಕೇಳಿದ ಮೇಲೆ ಯಾರು ತಾನೇ ಧೈರ್ಯವಾಗಿ ಹೆಜ್ಜೆ ಇಡುತ್ತಾರೆ?

ನನಗೆ ನಿಜವಾಗಿ ಕೆಲಸ ಮಾಡಿದ್ದು ತೊಡೆಯ ಬಲ. ಮೊದಲ ದಿನ ಅವಳು ಕಲಿಸಿದ್ದು ಒಂದೇ ಒಂದು. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ 5 ಎಣಿಸುವವರೆಗೆ ಹಿಡಿಯುವುದು. ಹೀಗೆ 10 ಸಲ. ತೊಡೆಯ ಮುಂಭಾಗ ಗಟ್ಟಿಯಾಗುವುದು ಕೈಗೆ ಗೊತ್ತಾಗಬೇಕು. ಒಂದು ವಾರ ಬಿಟ್ಟು ಮಲಗಿ ನೇರ ಕಾಲು ಎತ್ತುವುದು. ಆಮೇಲೆ ಕುರ್ಚಿಯಲ್ಲಿ ಕೂತು ಕಾಲು ನೀಟುವುದು. ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲು ಎತ್ತುವುದು ಸೊಂಟದ ಪಕ್ಕದ ಸ್ನಾಯುವಿಗೆ. ಅದು ಗಟ್ಟಿಯಿದ್ದರೆ ನಡೆಯುವಾಗ ಮೈ ಪಕ್ಕಕ್ಕೆ ವಾಲುವುದು ಕಡಿಮೆಯಾಗುತ್ತದೆ.

ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದು ಕುರ್ಚಿಯಿಂದ ಎದ್ದು ಕೂರುವುದು. ಮೊದಲು ಎರಡು ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿ, ಕೈ ಊರಿ ಏಳುವುದು. ನಿಧಾನಕ್ಕೆ ಒಂದು ದಿಂಬು ತೆಗೆದೆ. ಆಮೇಲೆ ಇನ್ನೊಂದು. ಆಮೇಲೆ ಕೈ ಊರುವುದನ್ನು ಬಿಟ್ಟೆ. ಕೈ ಊರದೆ ಮೊದಲ ಸಲ ಎದ್ದ ದಿನ ಮಗಳಿಗೆ ಫೋನ್ ಮಾಡಿ ಹೇಳಿದೆ. ಮಾತಾಡುತ್ತಾ ಇಬ್ಬರಿಗೂ ಕಣ್ಣು ತುಂಬಿತು.

ವ್ಯಾಯಾಮ ಮಾಡುವಾಗ ನೋವಾಗುತ್ತದೆ. ಆಗ ಹೆದರಿ ನಿಲ್ಲಿಸುವವರೇ ಜಾಸ್ತಿ. ಅದಕ್ಕೊಂದು ಲೆಕ್ಕ ಇದೆ. ನೋವಿಗೆ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟುಕೊಳ್ಳಿ. 5ರ ಒಳಗಿದ್ದು, ಮಾರನೇ ದಿನ ಇದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿಯಾಗಿದೆ ಅಂತ. ಇಳಿಯದಿದ್ದರೆ ಮುಂದಿನ ಸಲ ಸಂಖ್ಯೆ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ಗ್ಲ್ಯಾಡ್ ಎಂಬ ಮಂಡಿ, ಸೊಂಟದ ವ್ಯಾಯಾಮ ಕಾರ್ಯಕ್ರಮದಲ್ಲೂ ಇದೇ ಲೆಕ್ಕ ಹೇಳಿಕೊಡುತ್ತಾರೆ. ಮಂಡಿಯಲ್ಲಿ ಟಕ್ ಟಕ್ ಸದ್ದು ಬಂದರೆ, ಜೊತೆಗೆ ನೋವಿಲ್ಲದಿದ್ದರೆ, ಗಮನ ಕೊಡಬೇಡಿ. ಮೊದಲ 3 ವಾರ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. 6ನೇ ವಾರದ ಹೊತ್ತಿಗೆ ರಾತ್ರಿ ನಿದ್ದೆ ಬಂತು. 3 ತಿಂಗಳಾದಾಗ ಸಂತೆಗೆ ನಡೆದು ಹೋದೆ. ಅಮ್ಮನಿಗೆ ಮೊದಲೇ ಹೇಳಿಬಿಡಿ, 3 ತಿಂಗಳ ತನಕ ತೀರ್ಮಾನ ಬೇಡ ಅಂತ.

ತೂಕದ ಮಾತು ಯಾರಿಗೂ ಕೇಳಲು ಇಷ್ಟವಿಲ್ಲ, ನನಗೂ ಇರಲಿಲ್ಲ. ಆದರೆ ಒಂದು ಲೆಕ್ಕ ನನ್ನನ್ನು ಬದಲಿಸಿತು. ಅಮೆರಿಕದಲ್ಲಿ ತೂಕ ಜಾಸ್ತಿಯಿದ್ದ ಮಂಡಿ ನೋವಿನವರನ್ನು ಅಳೆದು ನೋಡಿ 2005ರಲ್ಲಿ ಬರೆದಿದ್ದಾರೆ, ಮೈಯಿಂದ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ ಅಂತ. ನಾನು ಒಂದು ವರ್ಷದಲ್ಲಿ 7 ಕಿಲೋ ಇಳಿಸಿದೆ. ಅಂದರೆ ಹೆಜ್ಜೆಗೆ 28 ಕಿಲೋ! ರಾತ್ರಿಯ ಅನ್ನ ಅರ್ಧ ಮಾಡಿ ಪಲ್ಯ, ಸೊಪ್ಪಿನ ಸಾರು ಜಾಸ್ತಿ ಮಾಡಿಕೊಂಡೆ. ಸಂಜೆಯ ಬೋಂಡಾ, ಬಿಸ್ಕತ್ತು ಬಿಟ್ಟೆ. ಅಮ್ಮ ಈಗಾಗಲೇ ಸಣ್ಣಗಿದ್ದರೆ ಈ ಮಾತು ಅವರಿಗಲ್ಲ. ಅವರು ಚೆನ್ನಾಗಿ ಬೇಳೆ, ಮೊಸರು, ಮೊಟ್ಟೆ ತಿನ್ನಲಿ, ತೊಡೆಗೆ ಬಲ ಬೇಕು.

ಇನ್ನು ಮನೆ. ನೆಲದಲ್ಲಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ನೋವಿರುವಷ್ಟು ದಿನ ಕಡಿಮೆ ಮಾಡಿಸಿ. ಇಂಡಿಯನ್ ಟಾಯ್ಲೆಟ್ ಆದರೆ ಮೇಲೆ ಇಡುವ ಕಮೋಡ್ ಕುರ್ಚಿ ಬರುತ್ತದೆ, ಇವತ್ತೇ ತನ್ನಿ. ಅಮ್ಮಂದಿರು ಇದಕ್ಕೆ ನಾಚಿಕೊಳ್ಳುತ್ತಾರೆ. ನಾನು ಟಾಯ್ಲೆಟ್ಟಿನ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಮ್ಮನನ್ನು ಮೆತ್ತಗೆ ಕೇಳಿ ನೋಡಿ.

ಮಾತ್ರೆ ಬಗ್ಗೆ ಕೇಳಿದ್ದೀರಿ. ನುಂಗುವ ಮಾತ್ರೆಗಿಂತ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ. ಮಂಡಿಯಂಥ ಚರ್ಮದ ಹತ್ತಿರದ ಕೀಲಿಗೆ ಅದು ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಹೊಸದಾಗಿ ಬಂದಾಗಲೂ ಮಂಡಿಗೆ ಮೊದಲು ಹಚ್ಚುವ ಔಷಧಿಯನ್ನೇ ಹೇಳಿತು. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟುವುದು, ಶಾಖ ಕೊಡುವುದು ಬೇಡ. ನುಂಗುವ ನೋವಿನ ಮಾತ್ರೆ ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ತೊಂದರೆ ಕೊಡಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅಂಗಡಿಯಲ್ಲಿ ಸುಮ್ನೆ ಕೇಳಿ ತಂದು ನುಂಗಲೇಬಾರದು. ಡಾಕ್ಟರು ಬರೆದುಕೊಟ್ಟರೆ ಕಡಿಮೆ ದಿನಕ್ಕೆ, ಊಟದ ನಂತರ. ಮಂಡಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಮಾತ್ರೆಗೆ ನಾನು ಒಂದು ವರ್ಷ ದುಡ್ಡು ಸುರಿದೆ. 2006ರ ದೊಡ್ಡ ಅಮೆರಿಕನ್ ಪರೀಕ್ಷೆಯಲ್ಲೇ ಒಟ್ಟಾರೆ ಅದು ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲು ಅಂತ ತೋರಲಿಲ್ಲವಂತೆ.

ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದನ್ನು ನಮ್ಮತ್ತೆ ಮಾಡುತ್ತಿದ್ದರು. ಆ ಬಿಸಿಗೆ ಸ್ನಾಯು ಸಡಿಲವಾಗುತ್ತದೆ, ಹಿತವಾಗಿರುತ್ತದೆ. ನಾನು ಈಗಲೂ ಚಳಿಗಾಲದಲ್ಲಿ ಬಿಸಿನೀರಿನ ಶಾಖ ತೆಗೆದುಕೊಳ್ಳುತ್ತೇನೆ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಗುಲಬಾರದು, ಬಹಳ ಕೆಟ್ಟದ್ದು.

ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ. ಹೆಸರು, ಲೇಬಲ್ ಇಲ್ಲದ ಪುಡಿ, ಗುಳಿಗೆ ಕೊಡಬೇಡಿ. ನನಗೆ ಪರಿಚಯದವರೊಬ್ಬರು ತಂದುಕೊಟ್ಟಿದ್ದರು. 3 ದಿನಕ್ಕೆ ನೋವು ಮಾಯ. ದೇವರೇ ಕಳಿಸಿದ ಔಷಧಿ ಅಂದುಕೊಂಡೆ. ಎರಡು ತಿಂಗಳಲ್ಲಿ ಮುಖ ಊದಿತು, ಶುಗರ್ ಏರಿತು. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು ಅಂತ ಡಾಕ್ಟರು ಹೇಳಿದರು. ಅದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯವಂತೆ, ಅವರ ಸಲಹೆಯಂತೆ ನಿಧಾನಕ್ಕೆ ಬಿಡಬೇಕಾಯಿತು. ಅಮ್ಮ ಈಗಾಗಲೇ ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿಯೇ ಬಿಡಿಸಿ.

ಮಂಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬೇರೆ. ತುಂಬಾ ನೋವಿದ್ದಾಗ ಒಮ್ಮೆ ಕೊಟ್ಟರೆ ಕೆಲವು ವಾರ ಆರಾಮ ಸಿಗುತ್ತದೆ, ಆ ಹೊತ್ತಿನಲ್ಲಿ ವ್ಯಾಯಾಮ ಶುರು ಮಾಡಬಹುದು. ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಒಳ್ಳೆಯದಲ್ಲ.

ಇನ್ನು ಆಪರೇಷನ್. ತೂತು ಮಾಡಿ ಒಳಗೆ ಕ್ಲೀನ್ ಮಾಡುತ್ತೇವೆ ಅಂತ ನನಗೂ ಒಬ್ಬರು ಹೇಳಿದ್ದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದಿದ್ದರು. ನಿಜವಾಗಿ ಕ್ಲೀನ್ ಮಾಡಿಸಿಕೊಂಡವರಿಗೆ ಅವರಿಗಿಂತ ಹೆಚ್ಚಿನ ಆರಾಮ ಸಿಗಲಿಲ್ಲ. ಸವೆತದ ನೋವಿಗೆ ಅದು ಬೇಡ.

ಪೂರ್ತಿ ಮಂಡಿ ಬದಲಾಯಿಸುವುದು ಮಾತ್ರ ಒಳ್ಳೆಯ ಆಪರೇಷನ್ನೇ. ನನ್ನ ಅಕ್ಕ ಮಾಡಿಸಿಕೊಂಡು ಚೆನ್ನಾಗಿದ್ದಾಳೆ. 10 ಕೃತಕ ಮಂಡಿಗಳಲ್ಲಿ ಸುಮಾರು 8 ಮಂಡಿಗಳು 25 ವರ್ಷ ಬಾಳುತ್ತವೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಹಾಗಾಗಿ ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ ಬೇರೆಯಾಗಿ ತೋರಿಸಲು ಕೇಳಿ. ಆದರೆ ಕೆಲವರಿಗೆ ಆಮೇಲೂ ನೋವು ಉಳಿಯುತ್ತದೆ. ಕೆಲವು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೇ ನಡೆಯಲಾಗುತ್ತಿಲ್ಲ ಅಂದರೆ ಆಗ ಯೋಚಿಸಿ. ಅಷ್ಟರಲ್ಲಿ ಮಾಡಿದ ವ್ಯಾಯಾಮ ವ್ಯರ್ಥವಲ್ಲ, ಆಪರೇಷನ್ ಆದ ಮೇಲೂ ಎಬ್ಬಿಸಿ ನಿಲ್ಲಿಸುವುದು ಅದೇ ತೊಡೆ.

ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೆ, ಮಂಡಿ ಲಾಕ್ ಆಗಿ ನೀಟಲು ಬಾರದಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಇದ್ದರೆ, ಕೈ ಬೆರಳಿನ ಗಂಟುಗಳೂ ಊದಿದ್ದರೆ ಬೇರೆ ಥರದ ಸಂಧಿವಾತ ಇರಬಹುದು. ಅದಕ್ಕೆ ಔಷಧಿಯೇ ಬೇರೆ.

ನನಗೆ ಈಗಲೂ ನೋವಿದೆ. 10ಕ್ಕೆ 8 ಇದ್ದದ್ದು ಹೆಚ್ಚಿನ ದಿನ 2 ಇರುತ್ತದೆ. ಮಳೆಗಾಲದಲ್ಲಿ, ಮದುವೆ ಮನೆಯಲ್ಲಿ ಜಾಸ್ತಿ ನಿಂತ ಮಾರನೇ ದಿನ 5 ಆಗುತ್ತದೆ. ಆಗ ಜೆಲ್ ಹಚ್ಚಿ, ವ್ಯಾಯಾಮ ಅರ್ಧ ಮಾಡಿ, ಎರಡು ದಿನ ಬಿಟ್ಟು ಮತ್ತೆ ಮಾಮೂಲಿಗೆ ಬರುತ್ತೇನೆ. ಮೋಟರ್ ಹಾಕಿಸಿದ ಮಿಷಿನ್ನಿನಲ್ಲಿ ದಿನಕ್ಕೆ ಎರಡು ಬ್ಲೌಸ್ ಹೊಲಿಯುತ್ತೇನೆ.

ಅಮ್ಮ ನಡೆಯಲು ಶುರು ಮಾಡುವಾಗ ಮನೆ ಮುಂದೆ 5 ನಿಮಿಷ ಸಾಕು, ಚಪ್ಪಲಿ ಮೆತ್ತಗಿರಲಿ. ಹೆದರಿಕೆಯಾದರೆ ಕೋಲು ಹಿಡಿಯಲಿ, ಜಾಸ್ತಿ ನೋಯುವ ಕಾಲಿನ ಎದುರು ಕೈಯಲ್ಲಿ. ಬಲ ಮಂಡಿ ಜಾಸ್ತಿ ನೋಯುತ್ತಿದ್ದರೆ ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೊದಲ ದಿನ ನೀವೂ ಪಕ್ಕದಲ್ಲಿ ನಡೆಯಿರಿ. ಒಂದು ತಿಂಗಳಾದ ಮೇಲೆ ಹೇಗಿದ್ದಾರೆ ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.