ಕಥೆಯೇ ಇಲ್ಲದ 'ಕ್ರೀಚರ್ ಕಂಫರ್ಟ್ಸ್'ಗೆ ಆಸ್ಕರ್ ಯಾಕೆ ಬಂತು?

'ಐದು ನಿಮಿಷ ಮಣ್ಣಿನ ಪ್ರಾಣಿಗಳು ಕೂತು ಗೊಣಗುತ್ತವೆ. ಕಥೆ ಇಲ್ಲ, ಓಡಾಟ ಇಲ್ಲ. ಇದಕ್ಕೆ ಆಸ್ಕರ್ ಯಾಕೆ?' ಅಂತ 'ಕ್ರೀಚರ್ ಕಂಫರ್ಟ್ಸ್' ಅನ್ನುವ ಅನಿಮೇಷನ್ ಕಿರುಚಿತ್ರದ ಬಗ್ಗೆ ಕೇಳಿದ್ದೀರಿ. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ಆ ಧ್ವನಿಗಳು ಎಲ್ಲಿಂದ ಬಂದವು ಅಂತ ಗೊತ್ತಾದ ಮೇಲೆ ಮತ್ತೆ ನೋಡಿದೆ. ನಕ್ಕು ನಕ್ಕು ಸುಸ್ತಾಯಿತು.

ಅಲ್ಲಿ ಮಾತಾಡಿದವರು ನಟರಲ್ಲ. ಬರೆದುಕೊಟ್ಟ ಡೈಲಾಗೂ ಇಲ್ಲ. ನಿರ್ದೇಶಕ ನಿಕ್ ಪಾರ್ಕ್ ಇದನ್ನು 1989ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಅನಿಮೇಷನ್ ಸ್ಟುಡಿಯೋದಲ್ಲಿ, ಚಾನೆಲ್ 4 ಟಿವಿಗಾಗಿ ಮಾಡಿದರು. ಮೊದಲು ಸಾಮಾನ್ಯ ಜನರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು. ವೃದ್ಧಾಶ್ರಮದಲ್ಲಿದ್ದವರು, ಅಂಗಡಿ ನಡೆಸುತ್ತಿದ್ದ ಒಂದು ಕುಟುಂಬ, ಓದಲು ಬಂದಿದ್ದ ಬ್ರೆಜಿಲ್‌ನ ಹುಡುಗ. ಇರುವ ಜಾಗ ಹೇಗಿದೆ, ಊಟ ಹೇಗಿದೆ, ಹವಾ ಒಗ್ಗುತ್ತಾ, ಇಂಥ ಪ್ರಶ್ನೆಗಳು. ಉತ್ತರಗಳನ್ನು ತಂದು ಮೃಗಾಲಯದ ಪ್ರಾಣಿಗಳ ಬಾಯಿಗೆ ಕೊಟ್ಟರು. ಅಂಗಡಿಯ ಕುಟುಂಬ ಹಿಮಕರಡಿಗಳಾಯಿತು.

ಬ್ರೆಜಿಲ್‌ನ ಹುಡುಗ ದೊಡ್ಡ ಬೆಕ್ಕಾದ. ಅದನ್ನು ಕೆಲವರು ಜಾಗ್ವಾರ್ ಅಂತಾರೆ, ಕೆಲವರು ಪ್ಯೂಮಾ. ಇಡೀ ಚಿತ್ರದಲ್ಲಿ ನನಗೆ ಅವನೇ ಇಷ್ಟ. ಅವನ ದೂರು ಕೇಳಿ: ಇಲ್ಲಿ ಜಾಗ ಸಾಲದು, ನಮ್ಮ ಕಡೆ ಬಿಸಿಲಿದೆ, ಬಯಲಿದೆ, ಇಲ್ಲಿ ಕೊಡುವ ಊಟ ನಾಯಿಗೆ ಹಾಕುವ ಹಾಗಿರುತ್ತದೆ, ನನಗೆ ತಾಜಾ ಮಾಂಸ ಬೇಕು. ಮನೆ ಬಿಟ್ಟು ಹಾಸ್ಟೆಲ್ ಸೇರಿದ ಯಾವ ಹುಡುಗ ಬೇಕಾದರೂ ಇದನ್ನೇ ಹೇಳುತ್ತಾನೆ ಅಲ್ವಾ? ಆದರೆ ಹೇಳುತ್ತಿರುವುದು ಬೋನಿನಲ್ಲಿ ಕೂತ ಪ್ರಾಣಿ. ಒಂದೇ ಮಾತು ಎರಡು ಕಡೆಯೂ ನಿಜ. ಜೊತೆಗೆ ಅವನ ಕೈ ನೋಡಿ. 'ಜಾಗ' ಅನ್ನುವಾಗೆಲ್ಲ ಕೈ ಅಗಲಿಸಿ ತೋರಿಸುತ್ತಾನೆ, ನ್ಯಾಯ ಪಂಚಾಯಿತಿಯಲ್ಲಿ ನಿಂತವನ ಹಾಗೆ.

ಜನರ ನಿಜವಾದ ಮಾತಿಗೆ ಗೊಂಬೆ ಕುಣಿಸುವ ಯೋಚನೆ ಪಾರ್ಕ್ ಅವರಿಗಿಂತ ಹಳೆಯದು. ಆರ್ಡ್‌ಮನ್ ಕಟ್ಟಿದ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ 1978ರ ಹೊತ್ತಿಗೇ ಅದನ್ನು ಮಾಡಿದ್ದರು. ಆದರೆ ಅವರ ಗೊಂಬೆಗಳು ಮನುಷ್ಯರು. ನೋಡಿದರೆ ನಗುವಿಗಿಂತ ಅಯ್ಯೋ ಪಾಪ ಅನ್ನಿಸುವುದೇ ಜಾಸ್ತಿ. ಪಾರ್ಕ್ ಮನುಷ್ಯರನ್ನು ತೆಗೆದು ಪ್ರಾಣಿಗಳನ್ನು ಕೂರಿಸಿದರು, ಅಷ್ಟೇ. ಆ ಅಷ್ಟರಲ್ಲೇ ಎಲ್ಲ ಇತ್ತು.

ಇದನ್ನು ಪರೀಕ್ಷೆ ಮಾಡೋಣ ಅಂತ ಒಂದು ಭಾನುವಾರ ನಾನೂ ಕೂತೆ. ನಮ್ಮ ಅಜ್ಜಿ ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. 'ಈ ಮನೇಲಿ ಎಲ್ಲಾ ಚೆನ್ನಾಗಿದೆ... ಅಂದ್ರೆ... ಬಿಸಿನೀರೊಂದು... ಹೋಗ್ಲಿ ಬಿಡು.' ಮಧ್ಯೆ ಫ್ಯಾನ್ ಸದ್ದು ಜಾಸ್ತಿಯಾಯಿತು ಅಂತ ಇನ್ನೊಂದು ಸಲ ಹೇಳಿಸಿದೆ. ಅಜ್ಜಿ ಗಂಟಲು ಸರಿಮಾಡಿಕೊಂಡು ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಹೇಳಿದರು. ಜೀವವೇ ಇಲ್ಲ! ಮೊದಲನೆಯದನ್ನೇ ಇಟ್ಟುಕೊಂಡೆ. ಮಗಳ ಕ್ಲೇಯಲ್ಲಿ ಒಂದು ಎಮ್ಮೆ ಮಾಡಿ ಬಾಯಿ ಆಡಿಸಲು ಶುರುಮಾಡಿದೆ. ಗೊಂಬೆಯನ್ನು ಚೂರು ಕದಲಿಸುವುದು, ಫೋಟೋ ತೆಗೆಯುವುದು, ಮತ್ತೆ ಕದಲಿಸುವುದು, ಇದೇ ಕೆಲಸ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಫೋಟೋ. ಒಂದು ಭಂಗಿಯನ್ನು ಎರಡು ಫ್ರೇಮ್ ಇಟ್ಟರೂ ಸೆಕೆಂಡಿಗೆ 12 ಸಲ ಗೊಂಬೆ ಮುಟ್ಟಬೇಕು. ಸಂಜೆ ಹೊತ್ತಿಗೆ ಟೇಬಲ್ ಲ್ಯಾಂಪಿನ ಬಿಸಿಗೆ ಎಮ್ಮೆಯ ಕೊಂಬು ಬಾಗಿತ್ತು. ಸಿಕ್ಕಿದ್ದು ನಾಲ್ಕು ಸೆಕೆಂಡು. ಆದರೆ 'ಅಂದ್ರೆ...' ಅಂತ ಎಮ್ಮೆ ತಡವರಿಸಿ ಪಕ್ಕಕ್ಕೆ ನೋಡುವ ಆ ಒಂದು ಕ್ಷಣಕ್ಕೆ ಮನೆಯವರೆಲ್ಲ ನಕ್ಕರು. ಮಾತಿಗಲ್ಲ, ತಡವರಿಕೆಗೆ.

ಪಾರ್ಕ್ ಅವರ ಕೈ ಓಡಿರುವುದೂ ಅಲ್ಲೇ. ಮಾತು ನಿಂತಲ್ಲಿ ಕಣ್ಣು ಹೊರಳುತ್ತದೆ, ಪದ ಸಿಗದಾಗ ತುಟಿ ಸುಮ್ನೆ ಒಂದು ಸಲ ಅಲುಗುತ್ತದೆ. ಅದನ್ನು ಬರೆದುಕೊಡಲು ಯಾರಿಂದಲೂ ಆಗುವುದಿಲ್ಲ.

ಆಸ್ಕರ್ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. 1991ರ ಸಮಾರಂಭದಲ್ಲಿ ಕಿರು ಅನಿಮೇಷನ್ ವಿಭಾಗದ ಸ್ಪರ್ಧೆಯಲ್ಲಿ ಪಾರ್ಕ್ ಅವರದ್ದೇ ಎರಡು ಚಿತ್ರಗಳಿದ್ದವು. ಇನ್ನೊಂದು, ವಾಲೆಸ್ ಅನ್ನುವ ಮನುಷ್ಯ ಮತ್ತು ಗ್ರೋಮಿಟ್ ಅನ್ನುವ ಅವನ ನಾಯಿ, ಈ ಗೊಂಬೆ ಜೋಡಿಯ ಮೊದಲ ಚಿತ್ರ. ಅದನ್ನು ಅವರು ಕಾಲೇಜು ದಿನಗಳಿಂದ ವರ್ಷಗಟ್ಟಲೆ ತಿದ್ದಿ ಮುಗಿಸಿದ್ದರು. ಗೆದ್ದದ್ದು ಈ ಗೊಣಗುವ ಪ್ರಾಣಿಗಳು. 2003ರಲ್ಲಿ ಇದೇ ಹೆಸರಿನ ಸರಣಿ ಬ್ರಿಟನ್ನಿನ ಐಟಿವಿಯಲ್ಲಿ ಬಂತು. ಚೆನ್ನಾಗಿದೆ, ಆದರೆ ಒಂದೇ ಸಲ ಕೂತು ಹತ್ತು ಕಂತು ನೋಡಬೇಡಿ, ರುಚಿ ಕೆಡುತ್ತದೆ.

ನೀವು ಮತ್ತೆ ನೋಡುವುದಾದರೆ ಮೊದಲು ಕಣ್ಣು ಮುಚ್ಚಿ ಬರೀ ಕೇಳಿ. ಯಾರೋ ಪಕ್ಕದ ಮನೆಯವರು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ ಕಣ್ಣು ಬಿಡಿ.