ಅಳಿಸಿಹೋದ ಬರಹಕ್ಕೆ ಅರ್ಥ ಕಟ್ಟುವವರಿಗೆ

ಪ್ರಶ್ನೆ: ಲಂಡನ್ನಿನ ಪತ್ತೆಯಾಗದ ಸರಣಿ ಕೊಲೆಗಾರ ಜ್ಯಾಕ್ ದಿ ರಿಪ್ಪರ್‌ನ ಪ್ರಕರಣದಲ್ಲಿ ಗೌಲ್‌ಸ್ಟನ್ ಬೀದಿಯ ಗೋಡೆಬರಹ ಕೊಲೆಗಾರನದೇ? ಅದರಲ್ಲಿ ಯಹೂದಿಗಳಿಗೆ ಬಳಸಿದ 'Juwes' ಎಂಬ ವಿಚಿತ್ರ ಕಾಗುಣಿತ ಫ್ರೀಮೇಸನ್ನರೆಂಬ ಗುಟ್ಟಿನ ಆಚರಣೆಗಳ ಸಂಘದವರ ಗುಪ್ತಸಂಕೇತವೇ?

ಉತ್ತರ: ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಆ ಬರಹದ ಫೋಟೊ ಒಂದೂ ಇಲ್ಲ ಎಂಬುದನ್ನು ಮೊದಲು ತಿಳಿಯಿರಿ.

1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಂಡನ್ನಿನ ಮೈಟರ್ ಚೌಕದಲ್ಲಿ ಕ್ಯಾಥರಿನ್ ಎಡ್ಡೋಸ್ ಕೊಲೆಯಾದಳು. 2.55ಕ್ಕೆ ಕಾನ್‌ಸ್ಟೆಬಲ್ ಆಲ್‌ಫ್ರೆಡ್ ಲಾಂಗ್‌ಗೆ ಗೌಲ್‌ಸ್ಟನ್ ಬೀದಿಯ ಬಾಗಿಲೊಂದರಲ್ಲಿ ರಕ್ತದ ಬಟ್ಟೆತುಂಡು ಸಿಕ್ಕಿತು. ಅದು ಅವಳ ಏಪ್ರನ್ನಿನದೇ. ತೇಪೆಯ ಹೊಲಿಗೆ ಹೊಂದಿತು. ಬಟ್ಟೆ ಗಟ್ಟಿ ಸಾಕ್ಷ್ಯ. ಮೇಲೆ ಗೋಡೆಯಲ್ಲಿದ್ದ ಸೀಮೆಸುಣ್ಣದ ಸಾಲಿಗೂ ಕೊಲೆಗೂ ಇರುವ ನಂಟು ಬರೀ ಪಕ್ಕದಲ್ಲಿದ್ದದ್ದು, ಅಷ್ಟೇ.

ಲಾಂಗ್ ಬರೆದುಕೊಂಡ ಸಾಲು 'The Juwes are the men that will not be blamed for nothing'. ಇದರಲ್ಲಿ 'ನಾಟ್' (ಅಲ್ಲ) ಎಂಬ ಪದ 'ದೂಷಣೆಗೊಳಗಾಗು' ಎಂಬ ಕ್ರಿಯೆಯ ಜೊತೆಗಿದೆ. ಪತ್ತೇದಾರ ಡೇನಿಯಲ್ ಹಾಲ್ಸ್ ಬರೆದುಕೊಂಡದ್ದರಲ್ಲಿ ಅದು 'ಜನ' (the men) ಎಂಬ ಪದಕ್ಕಿಂತ ಮುಂಚೆ ಇದೆ. ಕಾಗುಣಿತವೂ ಎಲ್ಲ ದಾಖಲೆಗಳಲ್ಲಿ ಒಂದೇ ಅಲ್ಲ. ಲಾಂಗ್‌ನ ಪಾಠವನ್ನೇ ಹಿಡಿದರೂ ಗೊಂದಲ ತೀರದು. 'ಯಹೂದಿಗಳು ಸುಮ್ಮಸುಮ್ಮನೆ ಬೈಸಿಕೊಳ್ಳುವವರಲ್ಲ' ಎಂದು ಓದಿದರೆ ಅದು ಯಹೂದಿಯೊಬ್ಬನ ಪ್ರತಿಭಟನೆ. ಎರಡು ನಿಷೇಧ ಸೇರಿಸಿ ಮಾತಾಡುವ ಈಸ್ಟ್ ಎಂಡ್ (ಪೂರ್ವ ಲಂಡನ್) ಆಡುನುಡಿಯಂತೆ ಓದಿದರೆ 'ಯಾವ ತಪ್ಪಿನ ಹೊಣೆಯನ್ನೂ ಹೊರದ ಜನ' ಎಂಬ ಯಹೂದಿದ್ವೇಷಿಯ ಬೈಗುಳ. ಒಂದೇ ಸಾಲು, ಎರಡು ವಿರುದ್ಧ ಬಾಯಿಗಳು. ಇದರಿಂದ ಬರೆದವನ ಜಾತಿ, ಮತ ಹೇಳುವವರು ಕಣಿ ಹೇಳುವವರೇ ಹೊರತು ತಜ್ಞರಲ್ಲ.

ಫ್ರೀಮೇಸನ್ ಕಥೆಯನ್ನು ದಯವಿಟ್ಟು ಬಿಡಿ. ಅವರ ಆಚರಣೆಯಲ್ಲಿ 'Juwes' ಎಂಬ ಪದವೇ ಇಲ್ಲ.

ಫೋಟೊ ತೆಗೆಯುವ ಮೊದಲೇ, ಸುಮಾರು 5.30ಕ್ಕೆ, ಪೊಲೀಸ್ ಆಯುಕ್ತ ಚಾರ್ಲ್ಸ್ ವಾರೆನ್ ಅದನ್ನು ಒರೆಸಿಸಿದ. ಯಹೂದಿಗಳ ಮೇಲೆ ಗಲಭೆಯಾದೀತೆಂಬ ಅವನ ಭಯ ನಿಜವಾದದ್ದೇ. ಭಾನುವಾರದ ಸಂತೆಗೆ ಜನ ಸೇರುವ ಜಾಗವದು. ಆದರೂ ಬಟ್ಟೆ ಮುಚ್ಚಿ ಬೆಳಕು ಹರಿಯುವವರೆಗೆ ಕಾವಲಿಡಬಹುದಿತ್ತು. ದಾಖಲೆ ಓದುವುದೇ ಕಸುಬಾದ ನನಗೆ ಈ ನಷ್ಟ ಇಂದಿಗೂ ನೋವು ಕೊಡುತ್ತದೆ. ಬರೆದವನು ಕೊಲೆಗಾರನೋ ಅಲ್ಲವೋ ಎಂದು ನಾನು ಹೇಳಲಾರೆ, ಹೇಳುವುದೂ ಇಲ್ಲ.

ಪ್ರಶ್ನೆ: ಕೊಲೆಗಾರನದೆಂದು ಹೇಳಿಕೊಂಡು ಬಂದ 'ಡಿಯರ್ ಬಾಸ್' ಪತ್ರದ ಅಕ್ಷರ ನೋಡಿ ಕೊಲೆಗಾರನ ಸ್ವಭಾವ ಹೇಳಬಹುದೇ?

ಉತ್ತರ: ಇಲ್ಲ. ಅದು ಪತ್ರಕರ್ತನ ಕೈವಾಡವೆಂದು ಆ ಕಾಲದ ಹಿರಿಯ ಪೊಲೀಸರೇ ನಂಬಿದ್ದರು.

ಪ್ರಶ್ನೆ: ಕೊಲೆಗಾರನ ಹೆಸರಲ್ಲಿ ಬಂದ ಉಳಿದ ನೂರಾರು ಪತ್ರಗಳು ಅದೇ ಕೈಯವೇ?

ಉತ್ತರ: ಪೊಲೀಸರು 'ಡಿಯರ್ ಬಾಸ್' ಪತ್ರದ ಅಕ್ಷರವನ್ನೇ ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ತೋರಿಸಿದ್ದರು. ಅದನ್ನು ಕಂಡವರು ಯಾರು ಬೇಕಾದರೂ ಅನುಕರಿಸಬಹುದಿತ್ತು.