ಪ್ಲಾನ್ ಮೀರಿ ಒಂದು ಮಹಡಿ ಜಾಸ್ತಿ ಕಟ್ಟಿದ್ದೀವಿ, ನೋಟಿಸ್ ಬಂದಿದೆ. ದಂಡ ಕಟ್ಟಿದರೆ ಮುಗಿಯುತ್ತಾ?

ಬೆಂಗಳೂರಲ್ಲಿ ಮೂವತ್ತು ನಲವತ್ತರ ಸೈಟು. ಪ್ಲಾನ್ ತಗೊಂಡಿದ್ದು ನೆಲಮಹಡಿ ಮೇಲೆ ಎರಡು ಮಹಡಿಗೆ, ಕಟ್ಟಿದ್ದು ಮೂರು. ಎಡಗಡೆ ಒಂದು ಮೀಟರ್ ಬಿಡಬೇಕಿತ್ತು, ಅದರಲ್ಲೂ ಅರ್ಧ ನುಂಗಿದ್ದೀರಿ. ಈಗ ಗೇಟಿಗೆ ನೋಟಿಸ್ ಅಂಟಿಸಿದ್ದಾರೆ, ದಂಡ ಎಷ್ಟಾಗಬಹುದು ಅಂತ ಕೇಳಿದ್ದೀರಿ.

ನಾನು ವಕೀಲನಲ್ಲ. ಆದರೆ 2018ರಲ್ಲಿ ನಮ್ಮ ಗೇಟಿಗೂ ಇಂಥದ್ದೇ ಕಾಗದ ಬಂದಿತ್ತು, ನಾನೂ ಮೊದಲು ಕೇಳಿದ್ದು ಇದೇ ಪ್ರಶ್ನೆ. ನಮ್ಮ ಮೇಸ್ತ್ರಿ ಪಾಯ ಹಾಕುವಾಗಲೇ ಹೇಳಿದ್ದ, "ಎಲ್ರೂ ಹಿಂಗೇ ಕಟ್ಟೋದು ಸಾರ್, ಆಮೇಲೆ ದಂಡ ಕಟ್ಟಿ ಸರಿ ಮಾಡ್ಕೊಳ್ಳೋದು." ಆ "ಆಮೇಲೆ" ಬರಲೇ ಇಲ್ಲ.

ದಂಡ ಕಟ್ಟಿ ಸಕ್ರಮ ಮಾಡಿಸೋ ದಾರಿ ಇದೆ, ಆದರೆ ತುಂಬಾ ಕಿರಿದು. 2003ರ ಬೆಂಗಳೂರು ಕಟ್ಟಡ ಬೈಲಾ ಪ್ರಕಾರ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎತ್ತರ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ) ಇವುಗಳಲ್ಲಿ ಶೇ 5ರೊಳಗಿನ ವ್ಯತ್ಯಾಸ ಆದರೆ, ಅದನ್ನು ಒಡೆದರೆ ಇಡೀ ಕಟ್ಟಡಕ್ಕೇ ಅಪಾಯ ಅನ್ನುವಂತಿದ್ದರೆ, ಆಯುಕ್ತರು ಕಾರಣ ಬರೆದು ಶುಲ್ಕ ಕಟ್ಟಿಸಿಕೊಂಡು ಒಪ್ಪಬಹುದು. ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ಮೀಟರಿನಲ್ಲಿ ಶೇ 5 ಅಂದ್ರೆ 5 ಸೆಂಟಿಮೀಟರ್, ಮೂರು ಬೆರಳಗಲ. ಎಫ್‌ಎಆರ್ 1.75 ಅಂತಿಟ್ಟುಕೊಂಡರೆ ನಿಮ್ಮ 1,200 ಚದರಡಿ ಸೈಟಿಗೆ 2,100 ಚದರಡಿ ಸಿಗುತ್ತೆ, ಅದರ ಶೇ 5 ಅಂದ್ರೆ 105 ಚದರಡಿ. ಒಂದು ಪುಟ್ಟ ರೂಮು. ನಿಮ್ಮದು ಇಡೀ ಮಹಡಿ.

"ಅಕ್ರಮ ಸಕ್ರಮ ಬರುತ್ತೆ, ಕಾಯಿರಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರಲ್ಲಿ ಎತ್ತಿಹಿಡಿಯಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಬಿಡಿ, ಅದು 2013ರ ಅಕ್ಟೋಬರ್ 19ಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ ಮಾತ್ರ. ಅದರಲ್ಲೂ ವಾಸದ ಮನೆಗೆ ಶೇ 50ರವರೆಗಿನ ಉಲ್ಲಂಘನೆಗಷ್ಟೇ.

ಈಗ ನೋಟಿಸ್ ವಿಷಯ. ಇದನ್ನು ಮಾತ್ರ ಉಡಾಫೆ ಮಾಡಬೇಡಿ. ನಮಗೆ ಬಂದಿದ್ದು 1976ರ ಪಾಲಿಕೆ ಕಾಯಿದೆಯ 321ನೇ ಸೆಕ್ಷನ್ ನೋಟಿಸ್. ಬೆಂಗಳೂರಿಗೆ ಆಮೇಲೆ ಬೇರೆ ಕಾಯಿದೆ ಬಂತು. ಹುಬ್ಬಳ್ಳಿ, ಮೈಸೂರಿನವರಿಗೆ ಇವತ್ತಿಗೂ ಅದೇ 321. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ "ಯಾಕೆ ಒಡೆಯಬಾರದು, ಕಾರಣ ಕೊಡಿ" ಅನ್ನೋ ನೋಟಿಸ್. ನೀವು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟದ್ದು ಒಪ್ಪಿಗೆಯಾಗದಿದ್ದರೆ, ಆದೇಶ ಖಾಯಂ. ಆಮೇಲೆ ಅವರೇ ಬಂದು ಒಡೆದು, ಒಡೆದ ಖರ್ಚನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು. ಖಾಯಂ ಆದೇಶದ ಮೇಲೆ ಮೇಲ್ಮನವಿ ಹೋಗಬಹುದು, ಆದರೆ ಮೊದಲ ನೋಟಿಸಿಗೇ ಬಾಯಿ ಬಿಡದವನ ಮಾತಿಗೆ ಅಲ್ಲಿ ತೂಕ ಎಷ್ಟಿರುತ್ತೆ ಹೇಳಿ.

ನಾಳೆ ಬೆಳಿಗ್ಗೆಯೇ ಜೆಸಿಬಿ ಬಂದು ನಿಲ್ಲುತ್ತೆ ಅನ್ನೋ ಭಯ ಬೇಡ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿರುವಂತೆ, ನೋಟಿಸ್ ಕೊಟ್ಟು 15 ದಿನವಾದರೂ ಬಿಡದೆ ಒಡೆಯುವಂತಿಲ್ಲ. ರಸ್ತೆ, ಫುಟ್‌ಪಾತ್, ನದಿ ಪಕ್ಕ ಒತ್ತುವರಿ ಮಾಡಿದವರಿಗೆ ಈ ರಕ್ಷಣೆ ಇಲ್ಲ.

ನಿಜ ಹೇಳಬೇಕಂದ್ರೆ ಜೆಸಿಬಿಗಿಂತ ಜಾಸ್ತಿ ಕಾಡೋದು ಕಾಗದಪತ್ರ. 2024ರ ಡಿಸೆಂಬರ್ 17ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಓಸಿ (ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಕೊಡೋ ಪತ್ರ) ನೋಡದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಡಿ, ಬ್ಯಾಂಕಿನವರೂ ಅದನ್ನು ನೋಡಿಯೇ ಸಾಲ ಕೊಡಿ ಅಂದಿತು. 2025ರಲ್ಲಿ ಬೆಂಗಳೂರಲ್ಲಿ ಎಷ್ಟೋ ಹೊಸ ಮನೆಗಳು ಮೀಟರಿಲ್ಲದೆ ನಿಂತಿದ್ದು ಇದರಿಂದಲೇ. ಆಮೇಲೆ ಸರ್ಕಾರ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಕೊಟ್ಟಿತು. ಆದರೆ ನೆಲಮಹಡಿ ಮೇಲೆ ಎರಡು, ಇಲ್ಲವೇ ಸ್ಟಿಲ್ಟ್ (ಕಂಬಗಳಷ್ಟೇ ಇರೋ ಪಾರ್ಕಿಂಗ್ ಮಟ್ಟ) ಮೇಲೆ ಮೂರು ಮಹಡಿ ಇದ್ದರೆ ಮಾತ್ರ. ಆ ಒಂದು ಮಹಡಿ ಆಸೆಗೆ ನೀವು ಈ ಸಾಲಿನಿಂದಲೇ ಆಚೆ ಬಿದ್ದಿದ್ದೀರಿ ನೋಡಿ.

"ಟ್ಯಾಕ್ಸ್ ಕಟ್ಟುತ್ತಿದ್ದೀನಲ್ಲ" ಅನ್ನೋ ವಾದ ನಡೆಯಲ್ಲ. ಅನಧಿಕೃತ ಕಟ್ಟಡಕ್ಕೆ ಎರಡು ಪಟ್ಟು ತೆರಿಗೆ ಹಾಕಬಹುದು, ಹಾಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮ ಆಗಲ್ಲ.

ನಾವು ಏನು ಮಾಡಿದೆವು ಹೇಳ್ತೀನಿ. ನೋಟಿಸ್ ಬಂದ ಸಂಜೆಯೇ ನಾನೂ ನಮ್ಮ ಭಾವನೂ ಟೇಪ್ ಹಿಡಿದು ಅಳೆದೆವು. ಪ್ಲಾನಲ್ಲಿ ಒಂದು ಮೀಟರ್, ಟೇಪಲ್ಲಿ 91 ಸೆಂಟಿಮೀಟರ್. ಅದರ ಮೇಲೆ ಎರಡನೇ ಮಹಡಿಯ ರೂಮು ಮೂರಡಿ ಆಚೆ ಚಾಚಿಕೊಂಡಿತ್ತು. ವಕೀಲರ ಕೈಲಿ ಉತ್ತರ ಬರೆಸಿ, ಚಾಚಿದ ಭಾಗ ನಾವೇ ತೆಗೆಯುತ್ತೇವೆ, ಸಮಯ ಕೊಡಿ ಅಂತ ಕೇಳಿದೆವು. ಕೊಟ್ಟರು. ಕಟರ್ ಹಾಕಿ ಕೊಯ್ಯೋಕೆ ಹನ್ನೊಂದು ದಿನ. ಪಕ್ಕದ ಮನೆಯ ನುಗ್ಗೆಮರ ಬುಡದಿಂದ ತುದಿವರೆಗೆ ಬೆಳ್ಳಗಾಗಿತ್ತು. ಕಂಬಿ ತುದಿಗಳು ಗೋಡೆಯಿಂದ ಆಚೆ ಇಣುಕುತ್ತಿದ್ದವು, ಅಮ್ಮ ಅವಕ್ಕೆ ಹಳೆ ಬಟ್ಟೆ ಸುತ್ತಿದ್ದರು. ಕೆಳಗಿನ 9 ಸೆಂಟಿಮೀಟರ್ ಇನ್ನೂ ಹಾಗೇ ಇದೆ, ಅದಕ್ಕೆ ಇವತ್ತಿಗೂ ಓಸಿ ಇಲ್ಲ. ಮೇಸ್ತ್ರಿ ಫೋನ್ ಎತ್ತೋದು ಎಂದೋ ಬಿಟ್ಟ.

ನಿಮ್ಮ ಮೂರನೇ ಮಹಡಿಗೆ ಬಾಡಿಗೆದಾರರನ್ನು ಹಾಕಬೇಕು ಅಂತಲೂ ಬರೆದಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಪಿಲ್ಲರ್, ಪಾಯ ತೋರಿಸಿ. 2024ರ ಅಕ್ಟೋಬರಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಜನ ಸತ್ತರಲ್ಲ, ಅಲ್ಲೂ ಕೇಳಿಬಂದಿದ್ದು ಪ್ಲಾನ್ ಮೀರಿದ ಮಹಡಿಗಳ ಮಾತೇ.

ಉತ್ತರ ಕೊಡುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ತಾರೀಖು ಹಾಕಿಸಿ ಸೀಲ್ ಹೊಡೆಸಿಕೊಳ್ಳಿ. ಅದೇ ಉತ್ತರದ ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಲ್ಲೂ ಕಳಿಸಿ, ರಸೀದಿ ಎತ್ತಿಡಿ.